ಆಪತ್ಕಾಲದ ಪಾಠ: ಅಧ್ಯಾಪಕರ ಪೂರ್ವಸಿದ್ಧತೆಯ ಪ್ರಶ್ನೆ

ಕಾಲೇಜಿಗೆ ರಜೆ ಘೋಷಿಸಲು ಒಂದು ಪುಟದ ಸುತ್ತೋಲೆ ಸಾಕು. ರಜೆಯ ಅವಧಿಯಲ್ಲಿ ಪಾಠವನ್ನು ವಿದ್ಯಾರ್ಥಿಯ ಬಳಿಗೆ ಕೊಂಡೊಯ್ಯುವುದು ಹೇಗೆಂಬುದನ್ನು ಮಾತ್ರ ಅಂತಹ ಸುತ್ತೋಲೆಗಳು ಹೇಳುವುದಿಲ್ಲ. ಅದು ಅಧ್ಯಾಪಕನ ಜಾಣ್ಮೆಗೆ ಬಿಟ್ಟ ವಿಷಯವೆಂದು ನಾವು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದೇವೆ. ಈ ಭಾವನೆ ಸರಿಯಲ್ಲವೆಂಬುದೂ, ಆಪತ್ಕಾಲದ ಬೋಧನೆಗೆ ಅಧ್ಯಾಪಕರನ್ನು ಮೊದಲೇ ಸಜ್ಜುಗೊಳಿಸಬೇಕೆಂಬುದೂ ಪ್ರಸ್ತುತ ಲೇಖನದ ನಿಲುವು.

ಇತ್ತೀಚಿನ ವರ್ಷಗಳನ್ನೇ ಗಮನಿಸೋಣ. ಕೋವಿಡ್ ಕಾರಣದಿಂದ 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ಅದೇ ವರ್ಷದ ನವೆಂಬರ್ 17ರಂದು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಅವುಗಳನ್ನು ಪುನಃ ಮುಚ್ಚಿಸಿತು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ತಾರಕಕ್ಕೇರಿದಾಗ ಸುಮಾರು ಒಂದು ವಾರ ತರಗತಿಗಳು ನಡೆಯಲಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಕಾಯಮಾತಿಗಾಗಿ ತರಗತಿ ಬಹಿಷ್ಕರಿಸಿದರು. ರೋಗ, ಸಾಮಾಜಿಕ ಸಂಘರ್ಷ, ಮುಷ್ಕರ ಹೀಗೆ ಕಾರಣಗಳು ಬೇರೆ ಬೇರೆ. ವಿದ್ಯಾರ್ಥಿಯ ಪಾಲಿಗೆ ಪರಿಣಾಮ ಒಂದೇ.

ಚಿತ್ತವಾಡ್ಗಿ, ಹೊಸಪೇಟೆ, ಕಂಪ್ಲಿಗಳ ಸೀಮೆಯಲ್ಲಿರುವ ನಮಗೆ ಇವುಗಳ ಜೊತೆಗೆ ಹೊಳೆಯ ಲೆಕ್ಕವೂ ಇದೆ. ತುಂಗಭದ್ರಾ ಜಲಾಶಯದಿಂದ ಭಾರಿ ಪ್ರಮಾಣದ ನೀರು ಹೊರಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗಿ ಸಂಚಾರ ಸ್ಥಗಿತಗೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಹಂಪಿಯ ಹೊಳೆದಂಡೆಯ ಸ್ಮಾರಕಗಳೂ ನೀರಿನಲ್ಲಿದ್ದವು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಅಂದು ಬದಲಿಗೆ ಇಳಿಸಲು ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ನೀರು ಹರಿದುಹೋಗುತ್ತಿದ್ದಂತೆಯೇ ಅದನ್ನು ಹೊಸದಾಗಿ ತಯಾರಿಸಿ ಕೂಡಿಸಬೇಕಾಯಿತು. ತಂತ್ರಜ್ಞರೂ ಕಾರ್ಮಿಕರೂ ಹಗಲಿರುಳು ದುಡಿದು ಅದನ್ನು ಸಾಧಿಸಿದರು. ನಮ್ಮ ಉನ್ನತ ಶಿಕ್ಷಣದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಶ್ರಮಿಸುವವರಿದ್ದಾರೆ, ಬದಲಿ ವ್ಯವಸ್ಥೆಯಿಲ್ಲ.

2020ರಲ್ಲಿ ನಡೆದದ್ದು ಆನ್‌ಲೈನ್ ಶಿಕ್ಷಣವೆಂದು ಹೇಳುವುದು ವಾಡಿಕೆಯಾಗಿದೆ. ತಿಂಗಳುಗಟ್ಟಲೆ ಯೋಜಿಸಿ ರೂಪಿಸಿದ ಆನ್‌ಲೈನ್ ಶಿಕ್ಷಣಕ್ಕೂ, ಬಿಕ್ಕಟ್ಟಿನ ನಡುವೆ ಹೇಗೋ ನಡೆಸಿದ ತುರ್ತು ದೂರಬೋಧನೆಗೂ ವ್ಯತ್ಯಾಸವಿದೆಯೆಂದು ಅಮೆರಿಕೆಯ ಶಿಕ್ಷಣತಜ್ಞರು ಆ ವರ್ಷದ ಮಾರ್ಚ್‌ನಲ್ಲಿಯೇ ಎಚ್ಚರಿಸಿದ್ದರು. ನಾವು ಮಾಡಿದ್ದು ಎರಡನೆಯದನ್ನು. ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಮೊಬೈಲ್ ಪರದೆಗೆ ವರ್ಗಾಯಿಸಿದೆವು. ಮನೆಗೊಂದೇ ಫೋನ್ ಇರುವ, ಅದನ್ನು ಹಿಡಿದು ತಂದೆ ಬೆಳಗ್ಗೆಯೇ ಕೆಲಸಕ್ಕೆ ಹೋಗುವ ಕುಟುಂಬದ ವಿದ್ಯಾರ್ಥಿನಿಗೆ ಆ ಗಂಟೆ ಇಲ್ಲವೇ ಇಲ್ಲ. 2011ರ ಫೆಬ್ರವರಿಯ ಭೂಕಂಪದ ಬಳಿಕ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯ ಡೇರೆಗಳಲ್ಲಿ ತರಗತಿ ನಡೆಸಿತು. ಕಟ್ಟಡ ಬಳಸಲಾಗದೆಂದಾಗ ಅವರು ಹುಡುಕಿದ್ದು ಕೈಗೆಟುಕುವ ಸಾಧನವನ್ನು. ಅದು ಅತ್ಯಾಧುನಿಕವಾಗಿರಬೇಕೆಂದು ಕಾಯಲಿಲ್ಲ.

ಹಾಗಾದರೆ ಅಧ್ಯಾಪಕನಿಗೆ ಯಾವ ತರಬೇತಿ ಬೇಕು? ತಂತ್ರಾಂಶದ ಪರಿಚಯ ಅದರ ಒಂದು ಅಂಶ ಮಾತ್ರ. ಮೊದಲು ಬೇಕಾದುದು ಆಯ್ಕೆಯ ವಿವೇಕ. ಪಠ್ಯದಲ್ಲಿ ಪಂಪಭಾರತದ ಮೂವತ್ತು ಪದ್ಯಗಳಿದ್ದು ಆರು ವಾರ ಕಳೆದುಹೋದರೆ, ಬಿಡಲೇಬಾರದ ಎಂಟು ಪದ್ಯಗಳು ಯಾವುವು? ಈ ನಿರ್ಧಾರವನ್ನು ವಿಭಾಗದವರೆಲ್ಲ ಕುಳಿತು ಸೆಮಿಸ್ಟರಿನ ಆರಂಭದಲ್ಲಿಯೇ ಕೈಗೊಳ್ಳಬೇಕು. ಬಿಕ್ಕಟ್ಟಿನ ನಡುವೆ ಮಾಡುವ ಕಡಿತವು ಸಾಮಾನ್ಯವಾಗಿ ಕಡೆಯ ಘಟಕವನ್ನು ಕತ್ತರಿಸುತ್ತದೆ. ಅದು ಮಹತ್ವದ್ದೋ ಅಲ್ಲವೋ ಎಂದು ನೋಡುವುದಿಲ್ಲ.

ಎರಡನೆಯದು, ಪಾಠವನ್ನು ಚಿಕ್ಕ ಕಟ್ಟುಗಳಾಗಿ ಸಿದ್ಧಪಡಿಸುವ ಅಭ್ಯಾಸ. ಹಳಗನ್ನಡ ಬೋಧನೆಯಲ್ಲಿ ಇದು ಸುಲಭಸಾಧ್ಯ. ಒಂದು ಹಾಳೆಯ ಮೇಲೆ ಪದ್ಯ, ಪದಚ್ಛೇದ, ಅನ್ವಯ, ಕಠಿಣ ಪದಗಳ ಅರ್ಥ ಮತ್ತು ಒಂದು ಪ್ರಶ್ನೆ. ಜೊತೆಗೆ ಅಧ್ಯಾಪಕನೇ ಓದಿದ ನಾಲ್ಕು ನಿಮಿಷದ ಧ್ವನಿಮುದ್ರಣ. ಕಂದಪದ್ಯದ ನಡೆ ಕಿವಿಗೆ ಬಿದ್ದರೆ ಅರ್ಧ ಪಾಠವಾದಂತೆಯೇ. ವಿಡಿಯೊಗೆ ಹೋಲಿಸಿದರೆ ಧ್ವನಿಮುದ್ರಣಕ್ಕೆ ಬೇಕಾದ ಡೇಟಾ ಅತ್ಯಲ್ಪ. ರಾತ್ರಿ ಫೋನ್ ಮನೆಗೆ ಬಂದ ಮೇಲೂ ಅದನ್ನು ಕೇಳಬಹುದು. ಸಂಡೂರಿನ ಗುಡ್ಡಸಾಲಿನ ಹಳ್ಳಿಗೆ ಸಿಗ್ನಲ್ ಸಿಗದಿದ್ದರೆ ಹಾಳೆಯಾದರೂ ಬಸ್ಸಿನಲ್ಲಿ ತಲುಪುತ್ತದೆ.

ಮೂರನೆಯದು ಸಂಪರ್ಕದ ಜಾಲ. ಯಾವ ವಿದ್ಯಾರ್ಥಿ ಯಾವ ಊರಿನವನು, ಆ ಊರಿನಲ್ಲಿ ಇನ್ನಾರಿದ್ದಾರೆ, ಯಾರ ಬಳಿ ಫೋನಿದೆ ಎಂಬ ಪಟ್ಟಿಯನ್ನು ಪ್ರವೇಶಾತಿಯ ವೇಳೆಯಲ್ಲಿಯೇ ಮಾಡಿಟ್ಟುಕೊಂಡರೆ ಊರಿಗೊಂದು ಓದುಗುಂಪು ಸಿದ್ಧವಾಗುತ್ತದೆ. ಮೂರು ಜನ ಸೇರಿ ಓದಿದ ಪದ್ಯ ಒಬ್ಬಂಟಿಯಾಗಿ ನೋಡಿದ ವಿಡಿಯೊಗಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಇಂತಹ ತರಬೇತಿಗೆ ಹೊಸ ಸಂಸ್ಥೆಗಳೇನೂ ಬೇಕಿಲ್ಲ. 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂದು ಹೆಸರಾಗಿದ್ದ ಯುಜಿಸಿ ಕೇಂದ್ರಗಳು ಇಂದು ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಾಗಿವೆ. ಅವುಗಳ ಪುನಶ್ಚೇತನ ಶಿಬಿರಗಳಲ್ಲಿ ಎರಡು ದಿನಗಳನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ಆದರೆ ಒಂದು ಮೂಲಭೂತ ಕೊರತೆಯಿದೆ. ಈ ಶಿಬಿರಗಳು ಹೆಚ್ಚಾಗಿ ಕಾಯಂ ಅಧ್ಯಾಪಕರ ಬಡ್ತಿಯ ನಿಯಮಗಳಿಗೆ ಹೊಂದಿಕೊಂಡಿವೆ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುಪಾಲು ಭಾರ ಹೊತ್ತಿರುವವರು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು. ಅವರಿಗೆ ಬಡ್ತಿಯೆಂಬುದೇ ಇಲ್ಲ. ಕೆಲಸದ ಅವಧಿಯೇ ಅನಿಶ್ಚಿತವಾಗಿರುವವನು ಮುಂದಿನ ವರ್ಷದ ಆಪತ್ತಿಗೆ ಇಂದು ಸಿದ್ಧನಾಗಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಗೌರವಧನ ಸಹಿತ ತರಬೇತಿ, ಕಾಲೇಜು ಮುಚ್ಚಿದ ಅವಧಿಯಲ್ಲಿಯೂ ಗೌರವಧನದ ಖಾತರಿ ಇವೆರಡೂ ಇಲ್ಲದೆ ಪೂರ್ವಸಿದ್ಧತೆಯ ಮಾತು ಕಾಗದದಲ್ಲಿಯೇ ಉಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಹೇಗಿದ್ದರೂ ಪಾಠ ನಡೆಯುತ್ತದೆಯೆಂದಾದರೆ ಆಡಳಿತಕ್ಕೆ ಕಾಲೇಜು ಮುಚ್ಚುವುದು ಇನ್ನಷ್ಟು ಹಗುರವಾಗದೇ? ಮುಷ್ಕರದ ಬಲ ಕುಂದದೇ? ಈ ಆತಂಕ ನಿರಾಧಾರವಲ್ಲ. ಆದ್ದರಿಂದಲೇ ಆಪತ್ಕಾಲದ ಪಾಠಕ್ಕೆ ಮಿತಿಯನ್ನೂ ಮೊದಲೇ ಬರೆದಿಡಬೇಕು. ಅದು ತರಗತಿಗೆ ಪರ್ಯಾಯವಲ್ಲ, ತರಗತಿಗೆ ಮರಳುವವರೆಗಿನ ಆಸರೆ. ಮುಷ್ಕರನಿರತರ ಪಾಠದ ಕಟ್ಟುಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸಕೂಡದು. ಹಾಜರಾತಿ ತೋರಿಸಲಷ್ಟೇ ನಡೆಸುವ ಲಿಂಕುಗಳನ್ನು ಬೋಧನೆಯೆಂದು ಲೆಕ್ಕಿಸಕೂಡದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸದಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಅದು ಪ್ರಥಮತಃ ಶಾಸ್ತ್ರದಾನ. ಆದರೆ ಅದರ ಫಲವನ್ನು ಬೋಧಕನ ದೃಷ್ಟಿಯಿಂದಲೂ ನೋಡಬಹುದು: ಒಂದೇ ಗ್ರಂಥಭಂಡಾರದಲ್ಲಿರುವ ಓಲೆಗೆ ಬೆಂಕಿ, ಗೆದ್ದಲು, ಯುದ್ಧ ಯಾವುದರಿಂದಲೂ ಅಪಾಯ ತಪ್ಪಿದ್ದಲ್ಲ, ಸಾವಿರ ಕೈಗಳಲ್ಲಿರುವ ಕೃತಿಗೆ ಆ ಭಯ ಕಡಿಮೆ. ನಮ್ಮ ಪಾಠಗಳು ಇಂದಿಗೂ ಒಂದು ಕೊಠಡಿ, ಒಂದು ಕಪ್ಪುಹಲಗೆ, ಒಬ್ಬ ಅಧ್ಯಾಪಕನ ಟಿಪ್ಪಣಿ ಪುಸ್ತಕವನ್ನೇ ನೆಚ್ಚಿಕೊಂಡಿವೆ. ಕೊಠಡಿ ತೆರೆದಿರುವಾಗಲೇ ಅವುಗಳ ಪ್ರತಿಗಳನ್ನು ಮಾಡಿ ಹಂಚುವುದು ಅಧ್ಯಾಪಕನ ಕರ್ತವ್ಯ. ಅದಕ್ಕೆ ಬೇಕಾದ ಸಮಯ, ತರಬೇತಿ, ಸಂಭಾವನೆಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯ.