ಗಂಧಕದ ಹೊಗೆಗೆ ಮಾಫಿ: ಆದೇಶ ಹಿಂಪಡೆಯಿರಿ

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕುರಿತು ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈ 11ರಂದು ಹೊರಡಿಸಿದ ಅಧಿಸೂಚನೆ ಅಕ್ಷಮ್ಯ. ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ಸಲ್ಫರ್ ಡೈಆಕ್ಸೈಡ್ ಮಿತಿಯೇ ಅನ್ವಯಿಸದು ಎಂದು ಅದು ಸಾರಿತು. ಚಿಮಣಿ ನಿಗದಿತ ಎತ್ತರಕ್ಕಿದ್ದರೆ ಸಾಕಂತೆ.

ಮಿತಿ ಹಾಕಿದವರೂ ಇವರೇ. 2015ರ ಡಿಸೆಂಬರ್‌ನಲ್ಲಿ ಇದೇ ಸಚಿವಾಲಯ ಎರಡು ವರ್ಷದ ಗಡುವು ಕೊಟ್ಟಿತ್ತು. 2017 ಬಂದಾಗ ಗಡುವು 2022ಕ್ಕೆ ಜಾರಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಒಂದೊಂದಕ್ಕೆ ಒಂದೊಂದು ದಿನಾಂಕ ಕೊಟ್ಟರು. 2022ರಲ್ಲಿ ಮತ್ತೆ ಎರಡು ವರ್ಷ, 2024ರ ಕೊನೆಗೆ ಮತ್ತೆ ಮೂರು ವರ್ಷ. ಅದಾಗಿ ಏಳು ತಿಂಗಳು ತುಂಬುವ ಮೊದಲೇ ಸಿ ವರ್ಗದ ಪಾಲಿಗೆ ನಿಯಮವನ್ನೇ ಎತ್ತಿಹಾಕಲಾಯಿತು. ಹೊಗೆಯನ್ನು ಸುಣ್ಣಕಲ್ಲಿನ ದ್ರಾವಣದಲ್ಲಿ ತೊಳೆದು ಗಂಧಕವನ್ನು ಜಿಪ್ಸಂ ಆಗಿ ಹಿಡಿಯುವ ಎಫ್‌ಜಿಡಿ ಉಪಕರಣ 537 ಘಟಕಗಳಿಗೆ ಬೇಕೆಂದು ಗುರುತಿಸಲಾಗಿತ್ತು. ಹತ್ತು ವರ್ಷ ಸಮೀಪಿಸಿದರೂ ಅದನ್ನು ಅಳವಡಿಸಿದ್ದು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಕಾನೂನಿಗೆ ತಲೆಬಾಗಿ ಕೋಟಿಗಟ್ಟಲೆ ಸುರಿದವರ ವಿದ್ಯುತ್ ಈಗ ದುಬಾರಿ. ಕೈಕಟ್ಟಿ ಕೂತವರದು ಅಗ್ಗ. ಇದಕ್ಕಿಂತ ಕೆಟ್ಟ ಪಾಠವನ್ನು ಸರ್ಕಾರವೊಂದು ಉದ್ಯಮಕ್ಕೆ ಕಲಿಸಲಾರದು.

ಸಮರ್ಥನೆಗಳಿಗೇನೂ ಕೊರತೆಯಿಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಊರುಗಳ ಗಾಳಿಯಲ್ಲಿ ಈ ಅನಿಲ ಮಿತಿಯೊಳಗೇ ಇದೆ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿರುವ ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣವಾಗುತ್ತದೆ, ನೂರಾರು ಕಿಲೋಮೀಟರ್ ಸಾಗುತ್ತದೆ, ಪಿಎಂ 2.5 ಎಂದು ನಾವು ಅಳೆಯುವ ಸೂಕ್ಷ್ಮ ದೂಳಿನ ಭಾಗವಾಗಿ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಚಿಮಣಿಯಲ್ಲಿ ಹೊರಟದ್ದನ್ನು ಊರಿನ ಮಾಪಕದಲ್ಲಿ ಅದೇ ರೂಪದಲ್ಲಿ ಹುಡುಕಿ, ಸಿಗಲಿಲ್ಲ ಎನ್ನುವುದು ವಿಜ್ಞಾನವಲ್ಲ. ಹತ್ತು ಲಕ್ಷ ಜನರ ನಗರದಿಂದ 10 ಕಿಲೋಮೀಟರ್ ಒಳಗಿದ್ದರೆ ಎ ವರ್ಗ, ಆ ಗೆರೆಯಾಚೆ, ಮಲಿನ ಊರೆಂಬ ಪಟ್ಟಿಗೂ ಸೇರದೆ ಇದ್ದರೆ ಸಿ ವರ್ಗ! ಗಾಳಿ ಮೈಲಿಗಲ್ಲು ಓದುತ್ತದೆಯೇ? ಇತ್ತ ನಗರಗಳಲ್ಲಿ ದೂಳು ಕೂರಿಸಲೆಂದು ಟ್ಯಾಂಕರ್‌ಗಳು ರಸ್ತೆಗೆ ನೀರು ಚಿಮುಕಿಸುತ್ತಲೇ ಇವೆ, ಶುದ್ಧ ಗಾಳಿಯ ಹೆಸರಿನ ಹಣದಲ್ಲಿ.

ರಾಯಚೂರಿನ ಶಕ್ತಿನಗರದಂಥ ಕಡೆ ಜನರಿಗೆ ಕಾಣುವುದು ಹಾರುಬೂದಿ: ತಂತಿಯ ಮೇಲಿನ ಬಟ್ಟೆಗೆ, ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿಗೆ ಮೆತ್ತಿಕೊಂಡ ಬೂದು ಪುಡಿ. ಅದನ್ನು ತೋರಿಸಿ ಜಗಳವಾಡಬಹುದು. ಗಂಧಕದ ಅನಿಲ ಅಂಥ ಗುರುತು ಬಿಡದೆ 220 ಮೀಟರ್ ಎತ್ತರದಿಂದ ಆಚೆ ಜಿಲ್ಲೆಗೆ, ಆಚೆ ರಾಜ್ಯಕ್ಕೆ ಹೊರಟುಬಿಡುತ್ತದೆ. ಅಲ್ಲಿ ಕೆಮ್ಮುವವರಿಗೆ ಯಾರ ಮೇಲೆ ದೂರು ಕೊಡಬೇಕೆಂಬುದೇ ಗೊತ್ತಿರುವುದಿಲ್ಲ. ಎತ್ತರದ ಚಿಮಣಿಯ ಗುಟ್ಟೇ ಇದು.

ಎಫ್‌ಜಿಡಿಗೆ ಸುಣ್ಣಕಲ್ಲು, ವಿದ್ಯುತ್ ಬೇಕಾದ್ದರಿಂದ ಇಂಗಾಲದ ಹೊರೆ ಹೆಚ್ಚುತ್ತದೆ ಎಂಬುದು ಇನ್ನೊಂದು ವಾದ. 2031–32ರೊಳಗೆ ಕನಿಷ್ಠ 80 ಸಾವಿರ ಮೆಗಾವಾಟ್ ಹೊಸ ಕಲ್ಲಿದ್ದಲು ಸಾಮರ್ಥ್ಯ ಸೇರಿಸಲು ಹೊರಟ ಸರ್ಕಾರಕ್ಕೆ ಹವಾಮಾನದ ಚಿಂತೆ ಕಾಡುವುದು ಗಂಧಕ ತೊಳೆಯುವ ಮಾತು ಬಂದಾಗ ಮಾತ್ರ. ಇಂಗಾಲ ತಗ್ಗಬೇಕಿದ್ದರೆ ಸುಡುವುದನ್ನು ತಗ್ಗಿಸಿ, ಪಾವಗಡದ ಸೌರ ಫಲಕಗಳಲ್ಲಿ ಬಿಸಿಲು ಹಿಡಿದಂತೆ ಇನ್ನಷ್ಟು ಹಿಡಿಯಿರಿ. ಉಳಿದದ್ದನ್ನು ತೊಳೆದು ಬಿಡಿ.

ಖರ್ಚು ನಿಜ, ಮೆಗಾವಾಟ್‌ಗೆ ಕೋಟಿ ರೂಪಾಯಿಗೂ ಮಿಕ್ಕಿ. ಸರ್ಕಾರದ ಕಡೆಯವರದೇ ಲೆಕ್ಕದಲ್ಲಿ ಅದು ಯೂನಿಟ್‌ಗೆ 25–30 ಪೈಸೆಯ ಮಾತು. ಈ ಪೈಸೆ ಬಿಲ್ಲಿನಲ್ಲಿ ಕಾಣುತ್ತದೆ, ಇನ್‌ಹೇಲರ್‌ನ ಬೆಲೆ ಕಾಣುವುದಿಲ್ಲ. ಚೀನಾ 2007ರ ನಂತರದ ದಶಕದಲ್ಲಿ ತನ್ನ ಸಲ್ಫರ್ ಡೈಆಕ್ಸೈಡನ್ನು ಮುಕ್ಕಾಲು ಪಾಲು ಇಳಿಸಿತು, ಅದೇ ಅವಧಿಯಲ್ಲಿ ನಮ್ಮದು ಅರ್ಧದಷ್ಟು ಏರಿತು ಎಂದು ಉಪಗ್ರಹ ಮಾಹಿತಿ ಆಧರಿಸಿದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಧ್ಯಯನ 2017ರಲ್ಲೇ ಹೇಳಿತ್ತು. ತಂತ್ರಜ್ಞಾನ ನಮಗೆ ಹೊಸದೂ ಅಲ್ಲ. ಉಡುಪಿ ಜಿಲ್ಲೆಯ ಯೆಲ್ಲೂರಿನ 1,200 ಮೆಗಾವಾಟ್ ಸ್ಥಾವರದಲ್ಲಿ ಎಫ್‌ಜಿಡಿ ಇದೆ.

ಕೇಂದ್ರ ಈ ಅಧಿಸೂಚನೆಯನ್ನು ಹಿಂಪಡೆಯಬೇಕು, ಪ್ರತಿ ಚಿಮಣಿಯ ಹೊಗೆಯ ಮಾಪನ ಜನರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕು. ಹಾಗೆಂದು ದೆಹಲಿಯತ್ತ ಬೊಟ್ಟು ಮಾಡಿ ಬೆಂಗಳೂರು ಸುಮ್ಮನಿರುವಂತಿಲ್ಲ. ಕೇಂದ್ರದ್ದಕ್ಕಿಂತ ಬಿಗಿಯಾದ ಮಿತಿ ವಿಧಿಸುವ ಅಧಿಕಾರವನ್ನು 1986ರ ಪರಿಸರ ಸಂರಕ್ಷಣಾ ನಿಯಮಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟಿವೆ. ರಾಯಚೂರಿನ 1,720 ಮೆಗಾವಾಟ್, ಬಳ್ಳಾರಿ ಕುಡಿತಿನಿಯ 1,700 ಮೆಗಾವಾಟ್, ಎರಡೂ ರಾಜ್ಯ ಸರ್ಕಾರದ್ದೇ ಆದ ವಿದ್ಯುತ್ ನಿಗಮದ ಆಸ್ತಿ. ಮಿತಿ ಹಾಕುವ ಮಂಡಳಿಯೂ ರಾಜ್ಯದ್ದು, ಚಿಮಣಿಯ ಮಾಲೀಕತ್ವವೂ ರಾಜ್ಯದ್ದು. ಯಾರ ಅನುಮತಿಗೂ ಕಾಯದೆ ಮುಂದಿನ ಬಜೆಟ್‌ನಲ್ಲೇ ರಾಜ್ಯ ಸರ್ಕಾರ ಎಫ್‌ಜಿಡಿಗೆ ಹಣ ತೆಗೆದಿಡಲಿ.