ಸೋಲಿನ ಲೆಕ್ಕ ಕೇಳುವವರು ಯಾರು?

ವಿಜ್ಞಾನದ ವಾರ್ತೆ, ರೈಲಿನ ಹಳಿ, ಕಾಲ್ಚೆಂಡಿನಾಟ ಈ ಮೂರನ್ನೂ ಒಂದೇ ಲೇಖನದಲ್ಲಿ ಕಟ್ಟಿಹಾಕುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ನಮ್ಮ ಸಂಘಗಳ ವೇದಿಕೆಗಂತೂ ಮೂರೂ ಹೊರಗಿನ ವಿಷಯಗಳು. ಯಕ್ಷಗಾನ, ಕವಿಗೋಷ್ಠಿ, ಸನ್ಮಾನ, ವಿದ್ಯಾರ್ಥಿವೇತನ ಇವುಗಳ ಆಚೆಗೆ ಹೊರನಾಡ ಕನ್ನಡಿಗನಿಗೆ ಒಂದು ಸಾರ್ವಜನಿಕ ಬದುಕಿದೆ ಎಂಬುದನ್ನೇ ನಾವು ಇನ್ನೂ ಒಪ್ಪಿಕೊಂಡಂತಿಲ್ಲ. ಮೂರು ದಶಕಗಳಿಂದ ಡೊಂಬಿವಲಿಯಲ್ಲಿ ಬಾಳಿದವನಾಗಿ ಈ ಬಗ್ಗೆ ನಾಲ್ಕು ನಿಷ್ಠುರದ ಮಾತುಗಳನ್ನು ಆಡಬೇಕಾಗಿದೆ. ಯಾರೂ ಅನ್ಯಥಾ ಭಾವಿಸಬಾರದು.

ನನ್ನ ವಾದ ಇಷ್ಟೇ. ಸೋಲನ್ನು ಒಪ್ಪಿ, ಅದರ ಕಾರಣವನ್ನು ಹುಡುಕಿ, ಅದನ್ನು ಬಹಿರಂಗವಾಗಿ ಹೇಳಿ, ತಿದ್ದಿಕೊಳ್ಳುವ ಅಭ್ಯಾಸಕ್ಕೆ ವಿಜ್ಞಾನವೆಂದು ಹೆಸರು. ಆ ಅಭ್ಯಾಸ ನಮ್ಮ ದೇಶದಲ್ಲಿ ಚಂದ್ರನವರೆಗೆ ತಲುಪಿದೆ. ಮುಂಬ್ರಾದ ತಿರುವಿಗೆ, ಡೊಂಬಿವಲಿಯ ಕೈಗಾರಿಕಾ ವಸಾಹತಿಗೆ, ಕಾಲ್ಚೆಂಡಿನ ಮೈದಾನಕ್ಕೆ ತಲುಪಿಲ್ಲ. ಇದಕ್ಕೆ ಆಳುವವರು ಕಾರಣರು ಎಂಬುದು ಸರಿಯೇ. ಲೆಕ್ಕ ಕೇಳದ ಪ್ರಜೆಯೂ ಕಾರಣನೇ.

ಚಂದ್ರನಿಂದಲೇ ಆರಂಭಿಸೋಣ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ನೆಲ ಮುಟ್ಟುವ ಮುನ್ನವೇ ಸಂಪರ್ಕ ಕಡಿದುಕೊಂಡು ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು. ಅಂದು ನಮ್ಮ ಸಂಘಗಳಲ್ಲಿ ಸಿಹಿ ಹಂಚಲಾಯಿತು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ನಮ್ಮ ಎದೆ ಇನ್ನೊಂದಿಷ್ಟು ಉಬ್ಬಿತು. ಉಬ್ಬಲಿ, ಬೇಡವೆನ್ನುವುದಿಲ್ಲ. ಆದರೆ ಆ ಎರಡು ದಿನಾಂಕಗಳ ನಡುವೆ ನಡೆದದ್ದು ಏನು? ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಅದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದರು. ಎಂಜಿನ್‌ಗಳ ನೂಕುಬಲ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಯಿತು, ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು, ಇಳಿಯಲು ಗೊತ್ತುಮಾಡಿದ ಜಾಗವೂ ತೀರ ಚಿಕ್ಕದಾಗಿತ್ತು ಎಂದರು. ಆದ್ದರಿಂದ ಮುಂದಿನ ನೌಕೆಯ ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಐನೂರು ಮೀಟರಿನ ಚೌಕದಿಂದ ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದೆಂದು ಮೊದಲೇ ಎಣಿಸಿ, ಕೆಟ್ಟರೂ ಇಳಿಯುವಂತೆ ನೌಕೆಯನ್ನು ಕಟ್ಟಿದರು. ನಾಲ್ಕು ವರ್ಷ ತುಂಬುವುದರೊಳಗೆ ಸೋಲಿನ ಲೆಕ್ಕ ತೀರಿತು.

ಚಂದ್ರನಿಗೆ ಸುರಿಯುವ ಹಣವನ್ನು ಬಡವರಿಗೆ ಹಂಚಬಾರದೇ ಎಂಬ ಹಳಸಲು ವಾದ ನನ್ನದಲ್ಲವೆಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಆ ಹಣ ಸಾರ್ಥಕವಾಗಿದೆ. ಅದೇ ಬುದ್ಧಿ ಭೂಮಿಯ ಮೇಲೆ ಯಾಕೆ ಖರ್ಚಾಗುವುದಿಲ್ಲ ಎಂಬುದೇ ನನ್ನ ಪ್ರಶ್ನೆ.

2025ರ ಜೂನ್ 9, ಸೋಮವಾರ. ಕಚೇರಿಯ ಹೊತ್ತು. ದಿವಾ ಮತ್ತು ಮುಂಬ್ರಾ ನಿಲ್ದಾಣಗಳ ನಡುವಿನ ತಿರುವಿನಲ್ಲಿ ಎರಡು ಲೋಕಲ್ ಗಾಡಿಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಉರುಳಿದರು. ನಾಲ್ವರು ಅಂದೇ ಅಸುನೀಗಿದರು. ಕಸಾರಾ ಮತ್ತು ಕರ್ಜತ್ ಎರಡೂ ಕವಲುಗಳು ಕಲ್ಯಾಣದಲ್ಲಿ ಕೂಡುತ್ತವೆ. ಡೊಂಬಿವಲಿಗೆ ಬರುವಷ್ಟರಲ್ಲಿ ಡಬ್ಬಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ದಿವಾದಲ್ಲಿ ಹತ್ತುವವನಿಗೆ ಬಾಗಿಲ ಕಂಬಿಯೊಂದೇ ಗತಿ. ಇದು ಇಲ್ಲಿಯ ಶಾಲಾಮಕ್ಕಳಿಗೂ ಗೊತ್ತಿರುವ ಸಂಗತಿ. ಹಾಗಿರುವಾಗ ಅದನ್ನು ಅನಿರೀಕ್ಷಿತ ಅಪಘಾತವೆಂದು ಕರೆಯುವುದು ಹೇಗೆ?

ಲೆಕ್ಕದ ಗತಿಯಾದರೂ ಏನಾಯಿತು ನೋಡಿ. ರೈಲ್ವೆಯ ಒಳತನಿಖೆ ಪ್ರಯಾಣಿಕನೊಬ್ಬನ ಹೊರಚಾಚಿದ ಬೆನ್ನುಚೀಲದತ್ತ ಬೆರಳು ತೋರಿಸಿತು. ರೈಲ್ವೆ ಪೊಲೀಸರು ವಿಜೆಟಿಐ ತಜ್ಞರ ವರದಿಯ ಆಧಾರದಲ್ಲಿ ಹಳಿಯ ನಿರ್ವಹಣೆಯಲ್ಲಿ ಲೋಪವಾಗಿದೆಯೆಂದು ಎಂಜಿನಿಯರುಗಳ ಮೇಲೆ ಮೊಕದ್ದಮೆ ಹೂಡಿದರು. ಅದನ್ನು ಪ್ರತಿಭಟಿಸಿ 2025ರ ನವೆಂಬರ್ 6ರಂದು ರೈಲ್ವೆ ನೌಕರರು ಸಂಜೆಯ ಗಾಡಿಗಳನ್ನೇ ತಡೆದರು. ಚೀಲವೋ ಹಳಿಯೋ ಎಂಬ ಜಗಳದಲ್ಲಿ ಮೂಲ ಪ್ರಶ್ನೆಯೇ ಮರೆಯಾಯಿತು. ಒಂದು ಚೀಲದ ಅಗಲಕ್ಕೆ, ಒಂದು ಹಳಿಯ ಕುಸಿತಕ್ಕೆ ಮನುಷ್ಯರ ಪ್ರಾಣ ಹೋಗುವಷ್ಟು ಜನ ಬಾಗಿಲ ಹೊರಗೆ ಇರುವುದೇಕೆ? ಇಸ್ರೋ ಹೀಗೆ ವಾದಿಸಿದ್ದರೆ ವಿಕ್ರಮ್ ನೌಕೆ ಇಂದಿಗೂ ಕಡತದಲ್ಲೇ ಇರುತ್ತಿತ್ತು.

ಅಪಘಾತದ ದಿನವೇ ರೈಲ್ವೆ ಇಲಾಖೆ ಒಂದು ಘೋಷಣೆಯನ್ನೂ ಮಾಡಿತು: ಹವಾನಿಯಂತ್ರಣವಿಲ್ಲದ ಗಾಡಿಗಳಿಗೂ ತಾನಾಗಿ ಮುಚ್ಚುವ ಬಾಗಿಲು ಬರಲಿದೆ ಎಂದು. ಬಾಗಿಲು ಮುಚ್ಚಿದರೆ ಒಳಗಿನವರಿಗೆ ಉಸಿರುಕಟ್ಟುತ್ತದೆ; ಆದ್ದರಿಂದ ಬಾಗಿಲಲ್ಲಿ ಗಾಳಿಯ ಸೀಳುಗಳು, ಮಾಡಿನ ಮೇಲೆ ಗಾಳಿಯೂಡುವ ಯಂತ್ರ, ಡಬ್ಬಿಯಿಂದ ಡಬ್ಬಿಗೆ ದಾಟುವ ದಾರಿ ಇರಬೇಕು ಎಂದಿತು. ಇದು ನಿಜವಾದ ವಿಜ್ಞಾನದ ವಾರ್ತೆ, ಮುಖಪುಟಕ್ಕೆ ಯೋಗ್ಯವಾದದ್ದು. ಹದಿನಾರು ದಿನಗಳ ತರುವಾಯ ಶುಭಾಂಶು ಶುಕ್ಲಾ ಅವರು ಅಂತರಿಕ್ಷಕ್ಕೆ ಹಾರಿದಾಗ ಆ ವಾರ್ತೆಯನ್ನು ದಿನದಿನವೂ ಹಿಂಬಾಲಿಸಿದ ನಾವು, ಈ ಬಾಗಿಲಿನ ವಾರ್ತೆಯನ್ನು ಹಾಗೆ ಹಿಂಬಾಲಿಸಿದೆವೆ? ನಮ್ಮ ಮಕ್ಕಳು ನಿತ್ಯ ಹಿಡಿದು ನಿಲ್ಲುವ ಬಾಗಿಲು ಅದು.

1853ರ ಏಪ್ರಿಲ್ 16ರಂದು ಈ ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ಬಂದು ತಲುಪಿದ್ದು ಇದೇ ಠಾಣೆಗೆ. ನೂರ ಎಪ್ಪತ್ತು ವರ್ಷಕ್ಕೂ ಮೀರಿದ ಅನುಭವ ಈ ಹಳಿಗಿದೆ. ಆದರೂ ಠಾಣೆ–ದಿವಾ ನಡುವಿನ ಐದನೆಯ ಮತ್ತು ಆರನೆಯ ಹಳಿ 2008ರಲ್ಲಿ ಮಂಜೂರಾಗಿ ಲೋಕಾರ್ಪಣೆಯಾದದ್ದು 2022ರ ಫೆಬ್ರವರಿ 18ರಂದು. ಕಲ್ಯಾಣ, ಡೊಂಬಿವಲಿಗಳಿಂದ ನವಿಮುಂಬಯಿಗೆ ಕೆಲಸಕ್ಕೆ ಹೋಗುವವರು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿಯಬೇಕು. ಈ ನೂಕುನುಗ್ಗಲನ್ನು ತಪ್ಪಿಸಲೆಂದೇ ಕಳವಾದಿಂದ ಐರೋಲಿಗೆ ನೇರವಾದ ಎತ್ತರದ ಹಳಿ ಯೋಜಿತವಾಯಿತು. ಅದರ ಅಂಗವಾದ ದಿಘಾ ನಿಲ್ದಾಣ 2024ರ ಜನವರಿ 12ರಂದು ಉದ್ಘಾಟನೆಗೊಂಡಿತು. ಹಳಿ ಮಾತ್ರ ಇನ್ನೂ ಬಂದಿಲ್ಲ. ಅದೇ ದಿನ 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವೂ ಉದ್ಘಾಟನೆಗೊಂಡಿತು. ಸೇತು ಭವ್ಯವಾಗಿದೆ, ಕಾರಿದ್ದವರು ಸಮುದ್ರದ ಮೇಲೆ ನವಿಮುಂಬಯಿಗೆ ಹೋಗಬಹುದು. ಸೀಜನ್ ಪಾಸಿನವನಿಗೆ ಠಾಣೆಯ ಮೆಟ್ಟಿಲೇ ಗತಿ. ನವಿಮುಂಬಯಿಯ ಮೊದಲ ಮೆಟ್ರೋ ಬೇಲಾಪುರದಿಂದ ಪೆಂಧರ್‌ವರೆಗಿನ ಹನ್ನೊಂದು ಕಿಲೋಮೀಟರ್ ದಾರಿ. 2011ರಲ್ಲಿ ಕೆಲಸ ಆರಂಭವಾಗಿ ಜನರಿಗೆ ತೆರೆದದ್ದು 2023ರ ನವೆಂಬರ್ 17ರಂದು. ಕಿಲೋಮೀಟರಿಗೆ ಒಂದು ವರ್ಷಕ್ಕೂ ಹೆಚ್ಚು. ವಿಳಂಬಕ್ಕೆ ಕಾರಣಗಳಿರಬಹುದು. ಆ ಕಾರಣಗಳನ್ನು ಜನರ ಮುಂದಿಟ್ಟು, ಮುಂದಿನ ಮಾರ್ಗದಲ್ಲಿ ಇದು ಮರುಕಳಿಸದು ಎಂದು ಹೇಳುವ ಒಬ್ಬ ಸೋಮನಾಥ್ ಇಲ್ಲಿ ಎಲ್ಲಿದ್ದಾರೆ?

ಇನ್ನು ಡೊಂಬಿವಲಿಯ ಕೈಗಾರಿಕಾ ವಸಾಹತು. 2016ರ ಮೇ 26ರಂದು ಅಲ್ಲಿಯ ರಾಸಾಯನಿಕ ಕಾರ್ಖಾನೆಯೊಂದು ಸಿಡಿದು ಹನ್ನೆರಡು ಮಂದಿ ಸತ್ತರು. ಬಹು ದೂರದ ಮನೆಗಳ ಕಿಟಕಿ ಗಾಜುಗಳು ಒಡೆದವು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಅದೇ ವಸಾಹತಿನಲ್ಲಿ ಇನ್ನೊಂದು ರಾಸಾಯನಿಕ ಕಾರ್ಖಾನೆ ಸಿಡಿದು ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ಮೇ ತಿಂಗಳು, ಅದೇ ಸುಡುಬಿಸಿಲು. ಕೆಲವು ರಾಸಾಯನಿಕಗಳು ಬಿಸಿ ಏರಿದಂತೆಲ್ಲ ತಾವಾಗಿ ಒಡೆಯತೊಡಗುತ್ತವೆ, ಒಡೆಯುವಾಗ ಇನ್ನಷ್ಟು ಬಿಸಿ ಹುಟ್ಟುತ್ತದೆ, ಆ ಬಿಸಿ ಮತ್ತೆ ಒಡೆತವನ್ನು ಹೆಚ್ಚಿಸುತ್ತದೆ. ಪ್ರಯೋಗಶಾಲೆಯ ವಿದ್ಯಾರ್ಥಿಯೂ ಬಲ್ಲ ವಿಚಾರವಿದು. ಅವನ್ನು ತಣ್ಣಗಿಡುವ ವಿಧಾನ ಪುಸ್ತಕದಲ್ಲಿದೆ. ಕಾರ್ಖಾನೆಯಲ್ಲಿ ಇದೆಯೇ ಎಂದು ನೋಡಬೇಕಾದ ಕಣ್ಣು ಎಲ್ಲಿತ್ತು? ಅಪಾಯದ ಕಾರ್ಖಾನೆಗಳನ್ನು ಸ್ಥಳಾಂತರಿಸುವ ಮಾತು ಹಲವು ಸಲ ಕೇಳಿಬಂದಿದೆ. ಮಾತು ಸಿಡಿಯುವುದಿಲ್ಲವಾದ್ದರಿಂದ ಅದನ್ನು ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು.

ಕಾಲ್ಚೆಂಡಿನ ಕಥೆಯೂ ಇದರ ಇನ್ನೊಂದು ಅಧ್ಯಾಯ. ನೆರೂಳಿನ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ 2017ರಲ್ಲಿ ಹದಿನೇಳರೊಳಗಿನ ಹುಡುಗರ ವಿಶ್ವಕಪ್ ಸೆಮಿಫೈನಲ್ ನಡೆಯಿತು; ಸ್ಪೇನ್ ಮಾಲಿಯನ್ನು ಸೋಲಿಸಿತು. 2022ರ ಫೆಬ್ರವರಿಯಲ್ಲಿ ಮಹಿಳೆಯರ ಏಷ್ಯಾ ಕಪ್ ಫೈನಲ್ ನಡೆಯಿತು, ಚೀನಾ ಗೆದ್ದಿತು. ಅದೇ ವರ್ಷದ ಅಕ್ಟೋಬರ್ 30ರಂದು ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್, ಸ್ಪೇನ್ ಗೆದ್ದಿತು. ನೆಲ ನಮ್ಮದು, ಹುಲ್ಲು ನಮ್ಮದು, ದೀಪ ನಮ್ಮದು, ಚಪ್ಪಾಳೆ ನಮ್ಮದು. ಆಟ ಮಾತ್ರ ಪರರದು. ಎರಡು ವಿಶ್ವಕಪ್‌ಗಳಲ್ಲಿಯೂ ನಮ್ಮ ಮಕ್ಕಳು ಆಡಿದ ಮೂರಕ್ಕೆ ಮೂರೂ ಪಂದ್ಯಗಳನ್ನು ಸೋತರು. ಸೋಲು ಅವಮಾನವಲ್ಲ, ಚಂದ್ರಯಾನವೂ ಸೋತಿತ್ತು. ಆದರೆ ಆ ಸೋಲಿನ ಪಾಠ ಏನಾಯಿತು? 2022ರ ಆಗಸ್ಟಿನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಮಹಾಸಂಘವನ್ನೇ ಅಮಾನತುಗೊಳಿಸಿತ್ತು. 2025ರ ಅಕ್ಟೋಬರ್ 14ರಂದು ಮಡಗಾವಿನಲ್ಲಿ, ನಮ್ಮದೇ ನೆಲದಲ್ಲಿ, ಸಿಂಗಾಪುರಕ್ಕೆ ಸೋತು ಪುರುಷರ ತಂಡ 2027ರ ಏಷ್ಯಾ ಕಪ್ಪಿನ ಬಾಗಿಲನ್ನು ಮುಚ್ಚಿಕೊಂಡಿತು. ಎರಡು ತಿಂಗಳ ನಂತರ ಮೆಸ್ಸಿ ಬಂದರು. ದೇಶದ ಅಗ್ರ ಲೀಗ್ ಆರಂಭವೇ ಆಗದೆ ಆಟಗಾರರು ಕೈಕಟ್ಟಿ ಕುಳಿತಿದ್ದ ಹೊತ್ತಿನಲ್ಲಿ, ಮೈದಾನಕ್ಕೆ ಬಂದು ಕೈಬೀಸಿ ಹೋಗುವ ಒಬ್ಬ ವಿದೇಶಿ ಆಟಗಾರನನ್ನು ನೋಡಲು ಸಾವಿರ ಸಾವಿರ ರೂಪಾಯಿಯ ಟಿಕೆಟ್ ಮಾರಾಟವಾಯಿತು. ಕೊಲ್ಕತ್ತೆಯಲ್ಲಿ ಕಾಣಲು ಸಿಗದೆ ಸಿಟ್ಟಾದ ಜನ ಕುರ್ಚಿ ಮುರಿದರು. ಲೀಗ್ ನಿಂತಾಗ ಒಬ್ಬರಿಗೂ ಅಂಥ ಸಿಟ್ಟು ಬಂದಿರಲಿಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಪ್ರಪ್ರಥಮ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಈ ಮಹಾನಗರಕ್ಕೆ ನಮ್ಮ ನಾಡಿನವರು ಆಡಿ ಗೆಲ್ಲಲು ಬಂದಿದ್ದರು. ಅವರ ಮೊಮ್ಮಕ್ಕಳ ವಯಸ್ಸಿನ ನಾವು ಟಿಕೆಟ್ ಕೊಂಡು ನೋಡುವವರಾಗಿದ್ದೇವೆ. ನಮ್ಮ ಉಪನಗರದ ಹುಡುಗನಿಗೆ ಚೆಂಡೊದೆಯಲು ಒಂದು ಮೈದಾನವಿದ್ದರೆ, ಅದರಲ್ಲಿ ವರ್ಷವಿಡೀ ಮಂಟಪ, ಪ್ರದರ್ಶನ, ಸಭೆ. ಆ ಸಭೆಗಳಲ್ಲಿ ನಮ್ಮ ಸಂಘಗಳದ್ದೂ ಒಂದೆರಡು.

ನನ್ನ ಪರಿಸರದ ಒಂದು ಸಂಘದಲ್ಲಿ ಮುಂಬ್ರಾದ ದುರಂತದ ಕುರಿತು ಒಂದು ಚರ್ಚಾಕೂಟ ನಡೆಸೋಣವೆಂದು ನಾನು ಸೂಚಿಸಿದಾಗ ಹಿರಿಯರೊಬ್ಬರು, "ನಾವು ಹೊಟ್ಟೆಪಾಡಿಗೆ ಬಂದವರು ಮಾರಾಯ್ರೆ, ಇಲ್ಲಿಯ ರಾಜಕೀಯ ನಮಗೆ ಯಾಕೆ?" ಎಂದರು. ಸಭೆ ತಲೆದೂಗಿತು. ನನ್ನ ಜಗಳ ಈ ತಲೆದೂಗುವಿಕೆಯ ಜೊತೆಗೆ. ಇಲ್ಲಿ ತೆರಿಗೆ ಕಟ್ಟುತ್ತೇವೆ, ಇಲ್ಲಿ ಮತ ಹಾಕುತ್ತೇವೆ, ಇಲ್ಲಿಯ ಸ್ಮಶಾನದಲ್ಲಿ ನಮ್ಮ ತಂದೆತಾಯಿಯರನ್ನು ಸುಟ್ಟಿದ್ದೇವೆ. ಇನ್ನೂ ಎಷ್ಟು ತಲೆಮಾರು ನಾವು ಅತಿಥಿಗಳು? ಬಾಗಿಲಿಂದ ಬೀಳುವವನ ಮಾತೃಭಾಷೆಯನ್ನು ಹಳಿ ವಿಚಾರಿಸುವುದಿಲ್ಲ.

ನಮ್ಮಲ್ಲಿಯೇ ಬೇರೆ ಬಗೆಯ ಪರಂಪರೆಯೂ ಇತ್ತು. ಮಂಗಳೂರಿನಿಂದ ಬರಿಗೈಯಲ್ಲಿ ಈ ಊರಿಗೆ ಬಂದ ಜಾರ್ಜ್ ಫೆರ್ನಾಂಡಿಸ್ ತಾನು ಅತಿಥಿಯೆಂದು ಭಾವಿಸಲಿಲ್ಲ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು, 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಮುಷ್ಕರದ ಮುಂದಾಳಾದರು, ರೈಲ್ವೆ ಸಚಿವರಾದಾಗ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ಆ ನಿಗಮದ ಕೇಂದ್ರ ಕಚೇರಿ ಇಂದಿಗೂ ನಮ್ಮ ಬೇಲಾಪುರದಲ್ಲಿದೆ. ಅವರ ರಾಜಕೀಯವನ್ನು ಒಪ್ಪದವರೂ ಊರಿಗೆ ಹೋಗುವಾಗ ಆ ಹಳಿಯ ಮೇಲೆಯೇ ಹೋಗುತ್ತಾರೆ.

ಆದ್ದರಿಂದ ಸಂಘಗಳ ಪದಾಧಿಕಾರಿಗಳ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಒಂದು, ಠಾಣೆಯಿಂದ ಕಲ್ಯಾಣದವರೆಗಿನ ಮತ್ತು ನವಿಮುಂಬಯಿಯ ಕನ್ನಡ ಸಂಘಗಳು ಒಟ್ಟಾಗಿ, ಮರಾಠಿ ನೆರೆಹೊರೆಯವರ ಪ್ರಯಾಣಿಕ ಸಂಘಟನೆಗಳ ಜೊತೆಗೂಡಿ, ಬಾಗಿಲಿನ ಹಾಗೂ ಕಳವಾ–ಐರೋಲಿ ಹಳಿಯ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಲಿಖಿತವಾಗಿ ವಿಚಾರಿಸಲಿ; 2005ರಿಂದ ಮಾಹಿತಿ ಹಕ್ಕಿನ ಕಾಯಿದೆ ನಮ್ಮ ಕೈಯಲ್ಲಿದೆ. ಎರಡು, ಡೊಂಬಿವಲಿಯ ಸ್ಫೋಟಗಳ ತನಿಖಾ ವರದಿಗಳ ಸಾರವನ್ನು ಪಡೆದು ಇಂಥ ಪತ್ರಿಕೆಗಳಲ್ಲಿ ಸರಳ ಕನ್ನಡದಲ್ಲಿ ಪ್ರಕಟಿಸಲಿ. ವಿಜ್ಞಾನ ಸಾಹಿತ್ಯಕ್ಕೆ ಇದಕ್ಕಿಂತ ತುರ್ತಿನ ವಸ್ತು ಇನ್ನೊಂದಿಲ್ಲ. ಮೂರು, ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಕಾಲುಭಾಗ ಉಳಿಸಿ, ಮಳೆಗಾಲದ ಎರಡು ತಿಂಗಳಾದರೂ ಹುಡುಗರಿಗೆ, ಹುಡುಗಿಯರಿಗೆ ಒಂದು ಮೈದಾನ ಮತ್ತು ಒಬ್ಬ ತರಬೇತುದಾರನನ್ನು ಒದಗಿಸಲಿ.

ಇದಕ್ಕೆ ಹಣವಿಲ್ಲ, ಸಮಯವಿಲ್ಲ ಎನ್ನುವ ಪದಾಧಿಕಾರಿಗಳು ತಮ್ಮ ಕಳೆದ ಸಾಲಿನ ಶಾಲು ಮತ್ತು ಸ್ಮರಣಿಕೆಗಳ ಖರ್ಚನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಿ. ಲೆಕ್ಕ ಕೇಳುವ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಲು ನಾನು ಸಿದ್ಧನಿದ್ದೇನೆ.