ಬಿರುಬಿಸಿಲಿನಲ್ಲಿ ಬೈಕ್ ಸವಾರಿ: ಮೈ ಮುಚ್ಚಿದರೇ ತಂಪು

ಚೈತ್ರ, ವೈಶಾಖ ಮಾಸಗಳು ನಮ್ಮ ಸೀಮೆಯಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶಗಳ ಕಾಲ. ನೆಲ ಕಾದ ಹಂಚಿನಂತಾಗುವ ಕಾಲವೂ ಅದೇ. ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಕೊಟ್ಟೂರು, ಉಜ್ಜಿನಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಕಡೆಗೆ ಸಾಗುವ ದಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಉಷ್ಣಾಂಶವು ಹಲವು ದಿನ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಕೊಯ್ಲು ಮುಗಿದ ಎರೆಹೊಲಗಳ ನಡುವೆ ನೆರಳೇ ವಿರಳ. ಇಂಥ ದಾರಿಯಲ್ಲಿ ಬರಿದಲೆಯಲ್ಲಿ, ಅರ್ಧತೋಳಿನ ಅಂಗಿ ತೊಟ್ಟು, ಹಿಂದೆ ವೃದ್ಧ ತಾಯಿಯನ್ನೂ ಮುಂದೆ ಟ್ಯಾಂಕಿನ ಮೇಲೆ ಮಗುವನ್ನೂ ಕೂಡಿಸಿಕೊಂಡು ಸಾಗುವ ಸದ್ಭಕ್ತರು ಅನೇಕರು. ಕೇಳಿದರೆ, "ಗಾಡಿ ಓಡುತ್ತಿದ್ದರೆ ಗಾಳಿ ಬೀಸುತ್ತದೆ, ಬಿಸಿಲು ತಿಳಿಯುವುದಿಲ್ಲ" ಎನ್ನುತ್ತಾರೆ. ಬಿಸಿಲು ತಿಳಿಯದಿರುವುದೇ ನಿಜವಾದ ಅಪಾಯ.

ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿಯೇ 40 ಡಿಗ್ರಿಯಷ್ಟು ಕಾದಿದ್ದರೆ ಆ ವ್ಯವಹಾರ ತಿರುವುಮುರುವಾಗುತ್ತದೆ: ಗಾಳಿಯ ಬಿಸಿಯೇ ಮೈಗೆ ಸೇರುತ್ತದೆ. ಆಗ ಶರೀರವನ್ನು ಕಾಯುವುದು ಬೆವರೊಂದೇ. ಬೆವರು ಆರುವಾಗ ಮೈಯ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ, ಅದರಲ್ಲೂ ಓಡುವ ಬೈಕಿನ ಮೇಲೆ, ಬೆವರು ಮೂಡಿದೊಡನೆ ಆರಿಹೋಗುವುದರಿಂದ ಮೈ ಒದ್ದೆಯಾದಂತೆ ಕಾಣುವುದೇ ಇಲ್ಲ. ಬೆವರೇ ಇಲ್ಲವೆಂದು ಸವಾರನು ತಿಳಿಯುತ್ತಾನೆ. ಒಳಗೆ ನೀರೂ ಉಪ್ಪೂ ಕಡಿಮೆಯಾಗುತ್ತಲೇ ಇರುತ್ತವೆ.

ಆದಕಾರಣ ತಂಪು ಬೇಕಾದವರು ಮೈ ತೆರೆಯಬಾರದು, ಮುಚ್ಚಬೇಕು. ಸಡಿಲವಾದ, ತುಂಬುತೋಳಿನ, ತಿಳಿಬಣ್ಣದ ಹತ್ತಿಯ ಅಂಗಿಯು ಬಿಸಿಲನ್ನೂ ಬಿಸಿಗಾಳಿಯನ್ನೂ ಚರ್ಮದಿಂದ ದೂರವಿಡುತ್ತದೆ. ಬೆವರನ್ನು ಹೀರಿ ನಿಧಾನವಾಗಿ ಆರಗೊಡುತ್ತದೆ. ನಮ್ಮ ಹಿರಿಯರ ಬಿಳಿಯ ತುಂಬುತೋಳಿನ ಅಂಗಿ, ಧೋತರ, ರುಮಾಲುಗಳು ಈ ನೆಲದ ಬಿಸಿಲಿನ ಅನುಭವದಿಂದ ಮೂಡಿದ ಉಡುಪು. ಹೊರಡುವಾಗ ಹೆಗಲ ಮೇಲಿನ ವಲ್ಲಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಗಾಳಿಗೆ ಹಾರದಂತೆ ಅಂಗಿಯೊಳಗೆ ಕೊರಳಿಗೆ ಸುತ್ತಿಕೊಂಡರೆ ಹಲವು ಮೈಲಿ ತಂಪು ಉಳಿಯುತ್ತದೆ. ಒಣಗಿದ ಮೇಲೆ ಮತ್ತೆ ತೋಯಿಸಿಕೊಳ್ಳಬೇಕು.

ಹೆಲ್ಮೆಟ್ ಧರಿಸಿದರೆ ತಲೆ ಕಾಯುತ್ತದೆಂಬ ಆಕ್ಷೇಪಣೆ ಸಾಮಾನ್ಯವಾದುದು. ಹೆಲ್ಮೆಟ್ಟಿನೊಳಗೆ ಸೆಕೆಯಾಗುವುದು ಸುಳ್ಳಲ್ಲ. ಆದರೆ ಅದರ ಒಳಗಿರುವ ಥರ್ಮೋಕೋಲಿನ ಪದರವು ನೆತ್ತಿಗೆ ಬಡಿಯುವ ಬಿಸಿಲಿನ ಶಾಖವನ್ನೂ ತಡೆಯುತ್ತದೆ. ಗಾಳಿಗಂಡಿಗಳುಳ್ಳ, ತಿಳಿಬಣ್ಣದ, ಐಎಸ್‌ಐ ಮುದ್ರೆಯ ಹೆಲ್ಮೆಟ್ ಆರಿಸಿ, ಒಳಗೆ ತೆಳುವಾದ ಹತ್ತಿಯ ಟೊಪ್ಪಿಗೆ ಧರಿಸಿದರೆ ಸೆಕೆ ಸಹ್ಯವಾಗುತ್ತದೆ. ಬಿಸಿಲಿಗೆ ತಲೆಸುತ್ತಿ ಬಿದ್ದವನ ತಲೆಯನ್ನು ರಕ್ಷಿಸುವುದೂ ಅದೇ. ಹಿಂಬದಿ ಸವಾರರಿಗೂ ಈ ಮಾತು ಅನ್ವಯ. ಇನ್ನು ಮಕ್ಕಳು: ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟೂ ಸವಾರನಿಗೆ ಬಿಗಿಯುವ ಸುರಕ್ಷಾಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬುದು 2023ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮ. ಕಾದ ಟ್ಯಾಂಕು ಮಗುವನ್ನು ಕೂಡಿಸುವ ಸ್ಥಳವೇ ಅಲ್ಲ.

ನೀರಿನ ವಿಷಯದಲ್ಲಿ ನಮ್ಮ ಭಕ್ತಿಯೇ ಕೆಲವೊಮ್ಮೆ ಅಡ್ಡ ಬರುತ್ತದೆ. ಗದ್ದುಗೆಯ ದರ್ಶನವಾಗುವವರೆಗೆ ಹನಿ ನೀರೂ ಬೇಡವೆಂದು ಬರಿಹೊಟ್ಟೆಯಲ್ಲಿ ಬೈಕ್ ಏರುವವರಿದ್ದಾರೆ. ದೇಹವನ್ನೇ ದೇವಾಲಯವೆಂದು ಕಂಡ ಶರಣರ ಪರಂಪರೆಯವರು ನಾವು. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ದಾರಿಯಲ್ಲಿ ಬಳಲಿಸಿ ಬೀಳಿಸುವುದು ವ್ರತವಾಗಲಾರದು. ಉಪವಾಸವಿರುವವರು ಬಸ್ಸಿನಲ್ಲಿ ಹೋಗಲಿ, ಅಥವಾ ನೀರು, ಮಜ್ಜಿಗೆಗಳಿಗೆ ವ್ರತದಲ್ಲಿ ಎಡೆಗೊಡಲಿ. ಉಳಿದವರು ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೆರಳಿನಲ್ಲಿ ನಿಂತು ಒಂದು ಲೋಟ ನೀರು ಕುಡಿಯಬೇಕು. ಉಪ್ಪು ಬೆರೆತ ಮಜ್ಜಿಗೆ, ಅಂಬಲಿಗಳು ಉತ್ತಮ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಟೀ ಚಮಚದ ಅಳತೆ) ಬೆರೆಸಿದರೆ ಮನೆಯಲ್ಲಿಯೇ ಜೀವಜಲ ಸಿದ್ಧ. ಹೃದಯ, ಮೂತ್ರಪಿಂಡಗಳ ರೋಗವುಳ್ಳವರು, ರಕ್ತದೊತ್ತಡದ ಮಾತ್ರೆ ಸೇವಿಸುವವರು ನೀರು, ಉಪ್ಪುಗಳ ಪ್ರಮಾಣವನ್ನು ತಮ್ಮ ವೈದ್ಯರಿಂದ ತಿಳಿದುಕೊಳ್ಳತಕ್ಕದ್ದು.

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ, ವಿಪರೀತ ಆಯಾಸ ಕಂಡೊಡನೆ ಗಾಡಿ ನಿಲ್ಲಿಸಬೇಕು. "ಊರು ಇನ್ನೇನು ಬಂತು" ಎಂಬ ಹಟ ಸಲ್ಲದು. ಮಾತು ತೊದಲಿದರೆ, ಮಂಕು ಕವಿದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತವಿರಬಹುದು, ಪ್ರಾಣಕ್ಕೆ ಅಪಾಯ. ಅಂಥವರನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಇವೆಲ್ಲ ಸವಾರನ ಹೊಣೆ. ಆದರೆ ಮಟಮಟ ಮಧ್ಯಾಹ್ನ ಅವನನ್ನು ದಾರಿಗಿಳಿಸುವವರು ಯಾರು? ಹನ್ನೆರಡೂವರೆಯ ಮುಹೂರ್ತಕ್ಕೆ ಕರೆಯುವವರು ನಾವೇ ಅಲ್ಲವೇ? ವೈಶಾಖದ ಮದುವೆಗಳನ್ನು ಬೆಳಗಿನ ಒಂಬತ್ತರೊಳಗೆ ಅಥವಾ ಸಂಜೆ ಇಳಿಹೊತ್ತಿನಲ್ಲಿ ನೆರವೇರಿಸಿದರೆ ಶಿವನಿಗೇನೂ ಕೊರತೆಯಾಗದು. ಶುಭಾಶುಭ ಗಳಿಗೆಗಳ ಅಂಜಿಕೆಯನ್ನು ಶರಣರು ಎಂದೋ ಬಿಡಿಸಿದ್ದಾರೆ. ಬೀಗರನ್ನು ಉಂಡ ಕೂಡಲೇ ಕಳುಹಿಸದೆ ಹೊತ್ತು ಇಳಿಯುವವರೆಗೆ ಉಳಿಸಿಕೊಳ್ಳುವುದೂ ಸತ್ಕಾರವೇ. ಹಿಂದೆ ದಾರಿಗೊಂದರಂತೆ ಇಡುತ್ತಿದ್ದ ಅರವಟ್ಟಿಗೆಗಳು ಎತ್ತಿನ ಬಂಡಿಗಳೊಂದಿಗೆ ಮರೆಯಾಗಬೇಕಾಗಿರಲಿಲ್ಲ. ಊರ ಹೊರಗಿನ ಬೇವು, ಹುಣಸೆ ಮರಗಳ ಕೆಳಗೆ ಎರಡು ಹರವಿ ನೀರು, ಕುಳಿತುಕೊಳ್ಳಲು ಒಂದು ಕಟ್ಟೆ, ವಲ್ಲಿ ತೋಯಿಸಲು ಒಂದು ಬಕೆಟ್ಟು. ಒಂದೊಂದು ಓಣಿಯವರು ಒಂದೊಂದು ವಾರ ಹೊಣೆ ಹೊತ್ತರೆ ಸಾಕು. ದಾಸೋಹವು ಮಠದ ಪಂಕ್ತಿಯಲ್ಲಿಯೇ ನಡೆಯಬೇಕೆಂದಿಲ್ಲ. ಬರುವ ಯುಗಾದಿಯೊಳಗೆ ನಮ್ಮ ಪ್ರತಿ ಊರಿನ ಅಗಸೆಯ ಬಳಿ ಒಂದು ಅರವಟ್ಟಿಗೆ ಏಳಲೆಂದು ಸದ್ಭಕ್ತರಲ್ಲಿ ಬಿನ್ನಹ.